ಬಿಚ್ಚದ ಬೆಸುಗೆ

ಹಳೆಯ ಎಲೆಕ್ಟ್ರಿಕ್ ಗಿಟಾರುಗಳ ವ್ಯಾಪಾರದಲ್ಲಿ ಅನುಮಾನವೇ ಬಂಡವಾಳ. ಹೊಸ ಗಿಟಾರನ್ನು ಫ್ರೀಜರಿನಲ್ಲಿಟ್ಟು ಬಣ್ಣ ಬಿರಿಯುವಂತೆ ಮಾಡುವ ಮಹಾನುಭಾವರಿದ್ದಾರೆ. ಚಹಾದ ನೀರು, ಶೂ ಪಾಲಿಶ್ ತಿಕ್ಕಿ ಒಂದೇ ವಾರದಲ್ಲಿ ಅದಕ್ಕೆ ಅರವತ್ತು ತುಂಬಿಸುವವರಿದ್ದಾರೆ. ಇಂಥವರ ನಡುವೆ ಇಪ್ಪತ್ತು ವರ್ಷ ಅಂಗಡಿ ನಡೆಸಿದವನಿಗೆ ಬೀದಿಯವರು ಭೂತಗನ್ನಡಿ ಎಂದು ಹೆಸರಿಟ್ಟಿದ್ದರೆ ಅದರಲ್ಲಿ ತಪ್ಪೇನಿಲ್ಲ. ತನ್ನ ಮದುವೆಯ ಫೋಟೋವನ್ನೂ ಅವನು ಒಮ್ಮೆ ಬೆಳಕಿಗೆ ಹಿಡಿದು ನೋಡಿದ್ದನೆಂದು ಹೆಂಡತಿ ಎಲ್ಲರೆದುರು ಹೇಳಿ ನಗುತ್ತಿದ್ದಳು.

ಅಂಗಡಿಯ ಹಿಂದಿನ ಕೋಣೆಯಲ್ಲಿ ರಿಪೇರಿ ಮಾಡುತ್ತಿದ್ದವನು ಅವಳ ತಮ್ಮ. ಹನ್ನೆರಡು ವರ್ಷದಿಂದ ಅದೇ ಸ್ಟೂಲು, ಅದೇ ಮೇಜುದೀಪ. ಮಾತು ಕಡಿಮೆ, ಕೈ ಮಾತ್ರ ಬಂಗಾರ. ಆ ಕೈಯಿಂದಲೇ ಅಂಗಡಿ ನಡೆಯುತ್ತಿದೆ ಎಂಬುದು ಭೂತಗನ್ನಡಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಒಳಗೊಳಗೆ ಕಸಿವಿಸಿಯೂ ಇತ್ತು.

ಆ ಕೆಂಪು ಗಿಟಾರ್ ಬಂದದ್ದು ಹೋಟೆಲೊಂದರಲ್ಲಿ ನುಡಿಸುತ್ತಿದ್ದ ಮುದುಕನೊಬ್ಬನಿಂದ. ಕೆಂಪು ಮಾಸಿತ್ತು, ಮೊಣಕೈ ಊರುವಲ್ಲಿ ಬಣ್ಣ ಸವೆದು ಮರ ಕಾಣುತ್ತಿತ್ತು. ಆದರೆ ನಿಜವಾದ ಬೆಲೆಯಿದ್ದದ್ದು ತಂತಿಗಳ ಕೆಳಗಿನ ಎರಡು ಪಿಕಪ್‌ಗಳಲ್ಲಿ. ತಂತಿಯ ಮಿಡಿತವನ್ನು ವಿದ್ಯುತ್ತಾಗಿಸುವ ಜೋಡಿ ಸುರುಳಿಗಳವು. ಅವುಗಳ ಮೇಲೆ ತಗಡಿನ ಮುಚ್ಚಳ ಹೊದಿಸಿ, ಕೆಳಗೆ ಎರಡು ಕಡೆ ಬೆಸುಗೆ ಹಾಕಿದ್ದರು. ಕಾರ್ಖಾನೆಯಲ್ಲಿ ಒಂದು ವರ್ಷ ಕಪ್ಪು ಪ್ಲಾಸ್ಟಿಕ್ ಮುಗಿದು, ಕೆಲವು ಸುರುಳಿಗಳನ್ನು ಬೆಣ್ಣೆ ಬಣ್ಣದ ಅಚ್ಚಿನ ಮೇಲೆ ಸುತ್ತಿದ್ದರಂತೆ. ಅವಕ್ಕೆ ಈಗ ಜನ ಪ್ರಾಣ ಬಿಡುತ್ತಾರೆ. ಆದರೆ ಒಳಗಿನ ಬಣ್ಣ ನೋಡಬೇಕಾದರೆ ಬೆಸುಗೆ ಕರಗಿಸಬೇಕು. ಕರಗಿಸಿದರೆ ಯಾರೂ ಮುಟ್ಟದ ಮಾಲು ಎಂಬ ಹೆಗ್ಗಳಿಕೆ ಹೋಯಿತು. ನೋಡಿದರೆ ಬೆಲೆ ಹಾಳು, ನೋಡದಿದ್ದರೆ ನಿದ್ದೆ ಹಾಳು.

ಅದನ್ನು ಕೊಳ್ಳಲು ಶುಕ್ರವಾರ ಬರುವವರು ಹಲ್ಲಿನ ಡಾಕ್ಟರಮ್ಮ. ನಿವೃತ್ತರು, ಮನೆ ತುಂಬ ಹಳೆಯ ಗಿಟಾರು. ಈ ವ್ಯಾಪಾರ ಮನಸ್ಸಿಗೆ ಬಂದರೆ ತಮ್ಮ ನಲವತ್ತು ಗಿಟಾರುಗಳ ಆರೈಕೆಯನ್ನೂ ಬಾಮೈದನಿಗೇ ಒಪ್ಪಿಸುವುದಾಗಿ ಫೋನಿನಲ್ಲಿ ಹೇಳಿದ್ದರು. ಅಂದಿನಿಂದ ಬಾಮೈದ ಹಿಂದಿನ ಕೋಣೆಯ ಒಂದು ಗೋಡೆ ಖಾಲಿ ಮಾಡಿ, ಕೊಕ್ಕೆಗಳ ಜಾಗಕ್ಕೆ ಪೆನ್ಸಿಲಿನಲ್ಲಿ ನಲವತ್ತು ಗುರುತು ಹಾಕಿದ್ದ. ಸಿಳ್ಳೆ ಹಾಕುತ್ತಿದ್ದ ಕೂಡ. ಅವನು ಸಿಳ್ಳೆ ಹಾಕಿದ್ದನ್ನು ಭೂತಗನ್ನಡಿ ಹನ್ನೆರಡು ವರ್ಷದಲ್ಲಿ ಕೇಳಿರಲಿಲ್ಲ.

ಅಲ್ಲೇ ಹುಳ ಹೊಕ್ಕಿತು. ಇವನಿಗೆ ಇಷ್ಟು ಖುಷಿ ಯಾಕೆ? ತಂತಿ ಬದಲಿಸಿ ಧೂಳು ಒರೆಸುವ ಒಂದು ಗಂಟೆಯ ಕೆಲಸಕ್ಕೆ ಎರಡು ದಿನ ಯಾಕೆ? ಕೇಳಿದ್ದಕ್ಕೆ, ಒಂದು ಸ್ಕ್ರೂ ತುಕ್ಕು ಹಿಡಿದಿತ್ತು, ಬಿಚ್ಚುವಾಗ ಅದರ ತಲೆ ಕೆಡಬಾರದೆಂದು ಎಣ್ಣೆ ಬಿಟ್ಟು ಕಾದೆ ಎಂದ. ಸ್ಕ್ರೂಗಾಗಿ ಯಾರಾದರೂ ಎರಡು ದಿನ ಕಾಯುತ್ತಾರೆಯೇ? ಗಿಟಾರನ್ನು ಆಂಪ್ಲಿಫೈಯರಿಗೆ ಹಾಕಿ ನುಡಿಸಿದಾಗ ನಾದ ತೆಳ್ಳಗಾದಂತೆ ಕೇಳಿಸಿತು. ಹೊಸ ತಂತಿ ಹಾಕಿದರೆ ಯಾವ ಗಿಟಾರಿನ ನಾದವೂ ಬದಲಾಗುತ್ತದೆ, ಅದು ಅವನಿಗೂ ಗೊತ್ತು. ಆದರೆ ಹೊಟ್ಟೆಯೊಳಗೆ ಅನುಮಾನ ಕೂತವನಿಗೆ ಗೊತ್ತಿರುವುದು ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಒಳಗಿನ ಅಸಲಿ ಸುರುಳಿ ಎತ್ತಿಕೊಂಡು ಯಾವುದೋ ಹೊಸದನ್ನು ತುರುಕಿದ್ದಾನೆ ಎಂದು ಅವನು ತೀರ್ಮಾನಿಸಿಯೇಬಿಟ್ಟ.

ಗುರುವಾರ ಮಧ್ಯಾಹ್ನ ಬಾಮೈದ ಊಟಕ್ಕೆಂದು ಅಕ್ಕನ ಮನೆಗೆ, ಅಂದರೆ ಇವನ ಮನೆಗೇ ಹೋಗಿದ್ದ. ಭೂತಗನ್ನಡಿ ಅಂಗಡಿಯ ಬಾಗಿಲು ಮುಚ್ಚಿ, ಗಿಟಾರಿನ ತಂತಿ ಸಡಿಲಿಸಿ, ಒಂದು ಪಿಕಪ್ಪನ್ನು ಎತ್ತಿ ತಿರುಗಿಸಿದ. ಬೆಸುಗೆ ಎರಡೂ ಕಡೆ ಬೂದಿ ಬಣ್ಣಕ್ಕೆ ತಿರುಗಿ, ಹಳೆಯ ಧೂಳು ಕೂತು ಹಾಗೇ ಇತ್ತು. ಬುದ್ಧಿ ನೆಟ್ಟಗಿದ್ದವನು ಅಲ್ಲಿಗೇ ನಿಲ್ಲಿಸುತ್ತಿದ್ದ. ಇವನ ತಲೆ ಬೇರೆ ಲೆಕ್ಕ ಹಾಕಿತು. ಅಷ್ಟು ಒಳ್ಳೆಯ ಕೆಲಸಗಾರ, ಹಳೆಯದರಂತೆ ಕಾಣುವ ಬೆಸುಗೆ ಹಾಕಲಾರನೇ? ಬಾಮೈದನ ಕೈಚಳಕವೇ ಬಾಮೈದನ ಮೇಲೆ ಸಾಕ್ಷಿ ಹೇಳಿತು. ಅವನದೇ ಸೋಲ್ಡರಿಂಗ್ ಕಡ್ಡಿಯನ್ನು ಬಿಸಿ ಮಾಡಿ ಭೂತಗನ್ನಡಿ ಬೆಸುಗೆಗೆ ತಾಗಿಸಿದ.

ಮುಚ್ಚಳ ಕಳಚಿತು. ಒಳಗೆ ಎರಡು ಸುರುಳಿ, ಒಂದು ಕಪ್ಪು, ಒಂದು ಬೆಣ್ಣೆ ಬಣ್ಣ. ಅಸಲಿ, ಅಪ್ಪಟ ಅಸಲಿ. ಒಂದು ಕ್ಷಣ ಅವನಿಗೆ ಕುಣಿಯುವಷ್ಟು ಸಂತೋಷವಾಯಿತು. ಮರುಕ್ಷಣ ತಾನು ಏನು ಮಾಡಿದೆ ಎಂಬುದು ಅರಿವಾಯಿತು. ಮತ್ತೆ ಬೆಸುಗೆ ಹಾಕಿದ. ಅದು ಹೊಸ ಪಾತ್ರೆಯ ಹಾಗೆ ಫಳಫಳ ಹೊಳೆಯಿತು. ಕೊನೆಗೆ ಆ ಮನುಷ್ಯ, ಊರಿನ ಕಳ್ಳರನ್ನೆಲ್ಲ ಹಿಡಿದವನು, ತನ್ನ ಶೂ ಪಾಲಿಶ್ ಡಬ್ಬಿ ತಂದು ಬೆರಳಲ್ಲಿ ಮೆಲ್ಲಗೆ ತಿಕ್ಕಿದ.

ಶುಕ್ರವಾರ ಡಾಕ್ಟರಮ್ಮ ಬಂದರು. ಚೀಲದಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತೆಗೆದು, ಗಿಟಾರಿನ ಮೂಲೆಮೂಲೆಯನ್ನೂ ನೋಡಿದರು. ಸ್ಕ್ರೂಗಳ ತಲೆ ಒಂದೂ ಕೆಟ್ಟಿಲ್ಲವೆಂದು ಮೆಚ್ಚಿಕೊಂಡರು. ಪಿಕಪ್ ಎತ್ತಿಸಿ, ಟಾರ್ಚ್ ಹಿಡಿದು ಕೆಳಗಡೆ ನೋಡಿದರು. ಹತ್ತಿಯಲ್ಲಿ ಒಮ್ಮೆ ಒರೆಸಿದರು. ಹತ್ತಿ ಕಂದು ಬಣ್ಣಕ್ಕೆ ತಿರುಗಿತು, ಅದರಡಿಯ ಬೆಸುಗೆ ಮಿನುಗಿತು.

"ಇದನ್ನ ಬಿಚ್ಚಿದ್ದು ಯಾರು?"

ಬಾಮೈದ ಬಾಗಿಲಲ್ಲೇ ನಿಂತಿದ್ದ. ನಾನೇ ಎನ್ನಲು ಭೂತಗನ್ನಡಿ ಬಾಯಿ ತೆರೆದದ್ದು ನಿಜ. ಆದರೆ ಇಪ್ಪತ್ತು ವರ್ಷದ ಹೆಸರು ಕಣ್ಣ ಮುಂದೆ ಬಂದು ನಿಂತಿತು.

"ನಮ್ಮ ಬಾಮೈದ," ಎಂದ. "ಕ್ಲೀನ್ ಮಾಡೋವಾಗ ಏನೋ ಎಡವಟ್ಟು ಮಾಡ್ಕೊಂಡಿರ್ಬೇಕು."

ಬಾಮೈದ ಹತ್ತಿರ ಬಂದು ಬಾಗಿ ನೋಡಿದ. ಬೇರೆಯವರ ಕೈಯ ಬೆಸುಗೆ ಗುರುತಿಸಲು ಅವನಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಭಾವನ ಮುಖ ನೋಡಿದ. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿದ.

"ಹೌದು ಮೇಡಂ, ನಾನೇ."

"ಬಿಚ್ಚಿದ್ದಕ್ಕೆ ಬೇಜಾರಿಲ್ಲಪ್ಪ, ಬಣ್ಣ ಹಚ್ಚಿ ಮುಚ್ಚಿಟ್ಯಲ್ಲ. ನನ್ನ ಗಿಟಾರು ಇಂಥ ಕೈಗೆ ಕೊಡಲ್ಲ," ಎಂದು ಅವರು ಕನ್ನಡಿ ಒರೆಸಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು.

ಬಾಮೈದ ಬೈಯುತ್ತಾನೆ, ಕೊರಳಪಟ್ಟಿ ಹಿಡಿಯುತ್ತಾನೆ ಎಂದು ಭೂತಗನ್ನಡಿ ಕಾದ. ಹಿಡಿದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಒಳಗೆ ಯಾವ ಬಣ್ಣ ಇತ್ತು ಭಾವ?"

"ಒಂದು ಕಪ್ಪು. ಒಂದು ಬೆಣ್ಣೆ ಬಣ್ಣ."

"ಇತ್ತಾ?" ಬಾಮೈದನ ಮುಖ ಒಮ್ಮೆ ಅರಳಿತು. "ಎರಡು ದಿನ ಕೈಯಲ್ಲೇ ಇತ್ತು. ನೋಡ್ಬಿಡೋಣ ಅಂತ ಎಷ್ಟು ಸಲ ಅನ್ನಿಸ್ತು ಗೊತ್ತಾ."

ಆಮೇಲೆ ಅವನು ಹಿಂದಿನ ಕೋಣೆಗೆ ಹೋಗಿ ತನ್ನ ಸಾಮಾನುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡ. ಹೋಗುವಾಗ ಬೀಗದ ಕೈಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು, "ಅಕ್ಕನಿಗೆ ನಾನೇನೂ ಹೇಳಲ್ಲ," ಎಂದ. ಭೂತಗನ್ನಡಿಗೆ ಅಳು ಬಂತು, ನಾಚಿಕೆಯ ಅಳು. ಆದರೆ ಅದು ಬರುವಷ್ಟರಲ್ಲಿ ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಸಂಜೆ ಮನೆಗೆ ಹೋದಾಗ ಹೆಂಡತಿ, ತಮ್ಮ ಮಧ್ಯಾಹ್ನ ಊಟಕ್ಕೆ ಯಾಕೆ ಬರಲಿಲ್ಲ ಎಂದು ಕೇಳಿದಳು. ಇವನು ಏನೋ ಸುಳ್ಳು ಹೇಳಿದ. ಅವಳು ಸರಿ ಎಂದು ತಟ್ಟೆ ಇಟ್ಟಳು. ಬಾಮೈದ ಹೇಳಿರಲಿಲ್ಲ, ಹೇಳುವವನೂ ಅಲ್ಲ, ಇದರಲ್ಲಿ ಇವನಿಗೆ ಎಳ್ಳಷ್ಟೂ ಸಂದೇಹ ಇರಬೇಕಾಗಿರಲಿಲ್ಲ. ಆದರೂ ಅವಳು ಬಡಿಸುತ್ತಿದ್ದಷ್ಟು ಹೊತ್ತೂ ಅವಳ ಮುಖವನ್ನೇ ನೋಡುತ್ತ ಕೂತ, ಇವಳಿಗೆ ಗೊತ್ತಿದೆಯೇ ಎಂದು.