ಡಾಕ್ಟರಿಗೆ ಹೇಳಿದ ಮಾತು

ಮಗಳ ಕೆನ್ನೆಗೆ ಅರಿಸಿನ ಹಚ್ಚುತ್ತಿದ್ದ ನರಸಕ್ಕನ ಕೈಯನ್ನು ಗಂಡ ಹೊನ್ನೂರಪ್ಪ ತಳ್ಳಿಬಿಟ್ಟ.

“ಮುಟ್ಟಬ್ಯಾಡ. ನನ್ನ ಮಗಳನ್ನ ತಿಂದಾಕಿ ನೀನು!”

ರಾಯದುರ್ಗದ ಆ ಓಣಿಯಲ್ಲಿ ನೆರೆದಿದ್ದವರು ಅಳುವುದನ್ನೂ ನಿಲ್ಲಿಸಿದರು. ಸತ್ತ ಮಂಜುಳಳಿಗೆ ಇಪ್ಪತ್ತಾರು. ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಜೇಬು ಹಚ್ಚುತ್ತಿದ್ದಳು. ಹುಟ್ಟಿದಾಗಿನಿಂದ ಕೆಮ್ಮು, ಸೋರುವ ಕಿವಿ, ಬಿಡದ ಜ್ವರ. ಜೊತೆಯವರು ಮೂಗೊರೆಸಿಕೊಂಡು ಮರೆಯುವ ನೆಗಡಿ ಅವಳನ್ನು ತಿಂಗಳುಗಟ್ಟಲೆ ಮಲಗಿಸುತ್ತಿತ್ತು. ಎದ್ದ ದಿನ ಮಾತ್ರ ಮಿಷನ್ ಮುಂದೆ ಕೂತು ಎಲ್ಲರನ್ನೂ ನಗಿಸುತ್ತಿದ್ದಳು. ಈ ಸಲ ನ್ಯುಮೋನಿಯಾ ಬಿಡಲಿಲ್ಲ.

“ಹೆಣದ ಮುಂದ ಇದೇನ್ ಮಾತು ಹೊನ್ನೂರಾ?” ಎಂದ ಓಣಿಯ ಹಿರಿಯ ಸಣ್ಣಬಸಪ್ಪ.

“ಬಸುರಿದ್ದಾಗ ಕುಡೀತಿದ್ಲು ರೀ ಈಕಿ! ಬಳ್ಳಾರಿ ಡಾಕ್ಟರ್ ಮುಂದ ತಾನ ಬಾಯಿಬಿಟ್ಟಾಳ. ಅದಕ್ಕ ಹುಡುಗಿ ಮೈಯಾಗ ಕಸುವು ಹುಟ್ಟಲಿಲ್ಲ.”

*

ಹೋದ ತಿಂಗಳು ಡಾಕ್ಟರಮ್ಮ ಮಂಜುಳಳನ್ನು ಹೊರಗೆ ಕೂಡಿಸಿ ತಂದೆತಾಯಿಯನ್ನಷ್ಟೇ ಒಳಗೆ ಕರೆದಿದ್ದರು.

“ತಾಯಿ ಕುಡಿದ್ರೆ ಹೊಟ್ಟೆಯಲ್ಲಿರೋ ಕೂಸಿಗೂ ಹೋಗ್ತದಮ್ಮ. ರೋಗ ತಡೆಯೋ ಶಕ್ತಿ ಕುಂದಬಹುದು. ಹುಟ್ಟಿದ ಮೇಲೆ ಹಸಿವು, ಹೆದರಿಕೆಯಲ್ಲಿ ಬೆಳೆದ್ರೂ ಹಂಗೇ. ಇದೇ ಕಾರಣ ಅಂತ ಗಟ್ಟಿಯಾಗಿ ಹೇಳಕ್ಕಾಗಲ್ಲ. ಆದ್ರೆ ನನಗೆ ಗೊತ್ತಿರಬೇಕು.”

ಮಗಳು ಉಳಿದಾಳೆಂದು ನರಸಕ್ಕ, ಬಸುರಿನಲ್ಲಿ ಕುಡಿದದ್ದು ಹೌದೆಂದಳು. ಪಕ್ಕದಲ್ಲಿ ಗಂಡನಿದ್ದುದರಿಂದ ಉಳಿದದ್ದನ್ನು ಹೇಳಲಿಲ್ಲ.

ಮಂಜುಳ ಹೊಟ್ಟೆಯಲ್ಲಿದ್ದಾಗ ಗಂಡ ಹೆಂಡತಿ ಓಬಳಾಪುರದ ಕಡೆ ಅದಿರು ಒಡೆಯುವ ಕೂಲಿಗೆ ಹೋಗುತ್ತಿದ್ದರು. ಸಂಜೆಯಾದರೆ ಹೊನ್ನೂರಪ್ಪ ಬಳ್ಳಾರಿ ಕಡೆಯ ಸಾರಾಯಿ ಪ್ಯಾಕೆಟ್ ತರುತ್ತಿದ್ದ. “ಕುಡಿ, ಮೈನೋವು ಹೋಗ್ತೈತಿ. ನಾಳೆ ಕೆಲಸಕ್ಕ ಏಳಬೇಕಲ್ಲ.” ಒಲ್ಲೆನೆಂದರೆ ಒದೆ. ಅವನ ಅಕ್ಕ ಚಿನ್ನಕ್ಕನೇ ಲೋಟಕ್ಕೆ ಬಗ್ಗಿಸಿ ಕೊಡುತ್ತಿದ್ದಳು. “ಅವನ ಕೈಗೆ ಯಾಕ ಸಿಗ್ತಿ ತಂಗಿ, ಕಣ್ಣುಮುಚ್ಚಿ ಗುಟುಕರಿಸಿಬಿಡು.”

ಮಂಜುಳ ಹುಟ್ಟಿದ ಮೇಲೂ ಅವನು ಕೂಗಾಡುತ್ತ ಬಂದಾಗಲೆಲ್ಲ ನರಸಕ್ಕ ಕೂಸನ್ನು ಜೋಳದ ಚೀಲಗಳ ಹಿಂದೆ ಮಲಗಿಸುತ್ತಿದ್ದಳು. ನಡೆಯುವುದಕ್ಕೆ ಮೊದಲೇ ಅದು ಸದ್ದಿಲ್ಲದೆ ಅಳುವುದನ್ನು ಕಲಿತಿತ್ತು.

ಬಳ್ಳಾರಿಯಿಂದ ಮರಳುವಾಗ ಬಸ್ಸಿನಲ್ಲಿ ಹೊನ್ನೂರಪ್ಪ ಹೆಂಡತಿಯ ಕೈ ಹಿಡಿದುಕೊಂಡಿದ್ದ. “ಇದು ನಮ್ಮಿಬ್ಬರೊಳಗ ಇರ್ಲಿ. ಯಾರಿಗೂ ಹೇಳಂಗಿಲ್ಲ ನಾನು.” ಇಷ್ಟು ವರ್ಷಕ್ಕೆ ಇವನು ಗಂಡನಾದ ಎನ್ನಿಸಿತ್ತು ಅವಳಿಗೆ.

*

“ಕುಡಿಸಿದಾಂವ ಯಾರು? ಅದನ್ನೂ ಹೇಳು,” ಎಂದಳು ನರಸಕ್ಕ. ಹೊನ್ನೂರಪ್ಪ ಎದೆ ಬಡಿದುಕೊಂಡು ಇನ್ನಷ್ಟು ಜೋರಾಗಿ ಅತ್ತ.

ಹೆಣದ ಕಾಲ ಬಳಿ ಕೂತಿದ್ದ ಚಿನ್ನಕ್ಕನ ಕಡೆ ಅವಳು ತಿರುಗಿದಳು. “ಅಕ್ಕಾ, ನೀನರ ಹೇಳು. ನಿನ್ನ ಕೈಯಾರೆ ಕೊಡ್ತಿದ್ದಿ.”

ಗಂಡ ಸತ್ತಾಗಿನಿಂದ ಚಿನ್ನಕ್ಕ ತಮ್ಮನ ಮನೆಯಲ್ಲೇ ಉಣ್ಣುತ್ತಿದ್ದವಳು. ತಮ್ಮನ ಮುಖವನ್ನೊಮ್ಮೆ ನೋಡಿದಳು.

“ನಾನೇನ್ ಕಂಡೀನವ್ವ,” ಎಂದು ಹೆಣದ ಮೇಲಿನ ಹೂವು ಸರಿಪಡಿಸತೊಡಗಿದಳು.

“ಮೊದಲು ಎತ್ರಿ, ಹೊತ್ತಾತು,” ಎಂದ ಸಣ್ಣಬಸಪ್ಪ. ನರಸಕ್ಕನ ಮುಖ ಯಾರೂ ನೋಡಲಿಲ್ಲ.

ಗಂಡಸರು ಚಟ್ಟ ಹೊತ್ತು ಓಣಿ ದಾಟಿದರು. ಎದುರುಮನೆಯ ಗೋಡೆಯ ಬಳಿ ರಾಧಾ ನಿಂತಿದ್ದಳು. ಮಂಜುಳಳ ಪಕ್ಕದ ಮಿಷನ್ನಿನವಳು, ನರಸಕ್ಕನನ್ನು ಅವ್ವಾ ಎಂದೇ ಕರೆಯುತ್ತಿದ್ದವಳು. ತುಂಬಿದ ಬಸುರಿ ಸಾವಿನ ಮನೆಗೆ ಬರಬಾರದೆಂದರೂ ಕೇಳದೆ ಬಂದು, ದೂರದಲ್ಲೇ ನಿಂತು ಅತ್ತಿದ್ದಳು. ಹೊನ್ನೂರಪ್ಪನ ಮಾತು ಅಲ್ಲಿಗೂ ಕೇಳಿತ್ತು.

ಯಾರದಾದರೂ ಹೆಗಲು ಬೇಕಾಗಿ ನರಸಕ್ಕ ಅವಳತ್ತ ನಡೆದಳು.

ರಾಧಾ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು, ಬೆನ್ನು ಗೋಡೆಗೆ ತಾಗುವವರೆಗೂ ಹಿಂದೆ ಸರಿದಳು.