ಏಕಾದಶಿಯ ನೀರು

ಕಡಲು ಕಡೆದಾಗ ವೈದ್ಯನಾಗಿ ಎದ್ದು ಬಂದ ಶ್ರೀಮನ್ನಾರಾಯಣನ ಪಾದಗಳಿಗೆ ವಂದಿಸಿ, ದೇಹವೆಂಬ ಈ ಬಾಡಿಗೆಯ ಮನೆಯ ಒಂದು ಕಳವಳದ ಕಥೆಯನ್ನು ಹೇಳುತ್ತೇನೆ.

ಹಾನಗಲ್ಲಿನ ಶ್ರೀನಿವಾಸಾಚಾರ್ಯರು ನಿವೃತ್ತ ಸಂಸ್ಕೃತ ಅಧ್ಯಾಪಕರು. ಪ್ರೋಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷ ಕಳೆದಿತ್ತು. ಮೊದಲ ವರ್ಷವೆಲ್ಲ ಮೂತ್ರ ತಡೆಯಲಾಗದೆ, ಮಡಿಯುಟ್ಟ ಮರುಗಳಿಗೆಯಲ್ಲೇ ಮೈಲಿಗೆಯಾಗಿ, ಪೂಜೆಯನ್ನು ತಮ್ಮನಿಗೆ ಒಪ್ಪಿಸಿ ದೇವರಮನೆಯ ಬಾಗಿಲಾಚೆ ಕುಳಿತಿದ್ದರು. ಈಚೆಗಷ್ಟೇ ಮತ್ತೆ ಸಾಲಿಗ್ರಾಮ ಮುಟ್ಟುವ ಧೈರ್ಯ ಬಂದಿತ್ತು. ಅಷ್ಟರಲ್ಲಿ, ರಕ್ತಪರೀಕ್ಷೆಯಲ್ಲಿ ಶೂನ್ಯಕ್ಕಿಳಿದಿದ್ದ, ಈ ರೋಗದ ಸುಳಿವು ಕೊಡುವ ಪಿಎಸ್‌ಎ ಅಂಶ ತಲೆಯೆತ್ತಿತು. ಮರುಪರೀಕ್ಷೆಯಲ್ಲಿ ಇನ್ನಷ್ಟು ಏರಿತು.

"ಸ್ಕ್ಯಾನಿನಾಗ ಏನೂ ಕಂಡಿಲ್ಲರಿ. ಆದ್ರ ರೋಗ ಅಲ್ಲೇ ಎಲ್ಲ್ಯರ ಉಳಿದಿರಬಹುದು," ಎಂದರು ಹುಬ್ಬಳ್ಳಿಯ ವೈದ್ಯರು. "ಏಳು ವಾರ ರೇಡಿಯೇಷನ್ ಕೊಡೋಣ. ದಿನಾ ನೀರು ಕುಡಿದು, ಮೂತ್ರಕೋಶ ತುಂಬಿಸ್ಕೊಂಡು ಯಂತ್ರದಾಗ ಮಲಗಬೇಕು. ಕೆಲವರಿಗೆ ಮತ್ತ ಸೋರಿಕಿ ಶುರುವಾಗ್ತದ."

ಆಚಾರ್ಯರು ಬೆರಳು ಮಡಿಚಿ ತಿಥಿ ಎಣಿಸಿದರು. "ನಡುವ ಏಕಾದಶಿ ಬರ್ತಾವ. ಆ ದಿನ ನಾವು ನೀರು ಮುಟ್ಟೂದಿಲ್ಲ. ವಿಚಾರ ಮಾಡಿ ಹೇಳ್ತೇನಿ," ಎಂದು ಎದ್ದೇಬಿಟ್ಟರು.

ಊರಿಗೆ ಮರಳುವ ಬಸ್ಸು ಶಿಗ್ಗಾಂವ ದಾಟಿದಾಗ ಪತ್ನಿ ಭಾಗೀರಥಿಬಾಯಿ ಗಂಡನತ್ತ ತಿರುಗಿದರು.

"ಸಕ್ಕರಿ ರೋಗದ ನಮ್ಮ ಗೋದಕ್ಕಗ, ಏಕಾದಶಿ ದಿನಾನೂ ಗುಳಗಿ ನುಂಗು, ಔಷಧದಿಂದ ವ್ರತ ಕೆಡೂದಿಲ್ಲ ಅಂತ ಶಾಸ್ತ್ರ ಹೇಳಿದಾವ್ರು ಯಾರ್ರಿ?"

"ನಾನ."

"ನಿಮಗೊಂದು ಬ್ಯಾರೆ ಶಾಸ್ತ್ರ ಬರದಾರೇನು?"

"ಮೆಲ್ಲಕ ಮಾತಾಡು, ಮಂದಿ ಕೇಳ್ತಾರ."

"ಕೇಳ್ಲಿ. ಪಂಡಿತರು ವಾದದಾಗ ಸೋತದ್ದು ಅವರೂ ಒಂದ್ಸಲ ನೋಡ್ಲಿ." ಆಕೆಯ ದನಿ ತಗ್ಗಿತು. "ಅಂಜಿಕಿ ಬಂದದ ಅಂತ ಬಾಯಿಬಿಟ್ಟು ಹೇಳ್ರಿ. ಅದನ್ನ ಒಯ್ದು ದೇವರ ಬೆನ್ನ ಹಿಂದ ಯಾಕ ಬಚ್ಚಿಡ್ತೀರಿ?"

ತಲೆಮಾರುಗಳಿಗೆ ತರ್ಕ ಕಲಿಸಿದ ಆಚಾರ್ಯರು ಮುಖ ಆಚೆ ತಿರುಗಿಸಿದರು. ಕಿಟಕಿಯಾಚೆ ಗೋವಿನಜೋಳದ ಹೊಲಗಳು ಹಿಂದೆ ಸರಿಯುತ್ತಿದ್ದವು.

"ಮತ್ತ ಬಾಗಿಲದಾಚೆ ಕೂಡೂದು ನನ್ನ ಕಡಿಂದ ಆಗೂದಿಲ್ಲ," ಎಂದರು ಹೊರಗೆ ನೋಡುತ್ತಲೇ. "ಅಷ್ಟು ಮಾಡಿನೂ ರೋಗ ಹೋಗಲಿಲ್ಲಂದ್ರ, ಭಾಗೀರಥಿ?"

"ಅದು ನನಗೂ ಗೊತ್ತಿಲ್ಲರಿ." ಆಕೆ ಸೆರಗಿನಿಂದ ಮೂಗೊರೆಸಿಕೊಂಡರು. "ಬಾಗಿಲದಾಚೆ ಕೂಡೂದು ಬಂದ್ರ, ನಿಮ್ಮ ಕೂಡ ನಾನೂ ಕೂಡ್ತೇನಿ. ಇಲ್ಲೀತನಕಾ ಒಬ್ರ ಕೂತಿದ್ರಿ."

ಮರುದಿನವೇ ಆಚಾರ್ಯರು ವೈದ್ಯರಿಗೆ ಒಪ್ಪಿಗೆ ತಿಳಿಸಿದರು.

ಚಿಕಿತ್ಸೆಯ ಎರಡನೆಯ ವಾರದಲ್ಲಿ ಏಕಾದಶಿ ಬಂತು. ಸ್ನಾನ ಸಂಧ್ಯಾವಂದನೆ ಮುಗಿಸಿ ಬಂದಿದ್ದ ಆಚಾರ್ಯರು ಆಸ್ಪತ್ರೆಯ ಬೆಂಚಿನ ಮೇಲೆ ಕಣ್ಣುಮುಚ್ಚಿ ನೀರು ಕುಡಿದರು. ನಡುವೆ ಎರಡು ಬಾರಿ ಲೋಟ ಕೆಳಗಿಟ್ಟು ಮತ್ತೆ ಎತ್ತಿಕೊಂಡಿದ್ದರು. ಯಂತ್ರವು ಮೈಯ ಸುತ್ತ ತಿರುಗತೊಡಗಿದಾಗ ಸ್ತೋತ್ರವೊಂದನ್ನು ಹಿಡಿದರು, ಅರ್ಧಕ್ಕೇ ಮರೆತುಹೋಯಿತು. ಜನ್ಮದಲ್ಲಿ ಮೊದಲ ಬಾರಿಗೆ ದೇವರೊಡನೆ ಮನೆಮಾತಿನಲ್ಲಿ ಮಾತಾಡಿದರು: "ಭಾಳ ಅಂಜಿಕಿ ಬರಾಕತ್ತದಪ್ಪಾ, ತಂದೆ."

ಮುಂದಿನ ರಕ್ತಪರೀಕ್ಷೆಗೆ ಇನ್ನೂ ತಿಂಗಳುಗಳಿವೆ.

ಈ ಕಥೆಯನ್ನು ಕೇಳಿದವರೆಲ್ಲರ ಮೈಗೆ ಆ ಆದಿವೈದ್ಯನು ಆರೋಗ್ಯವನ್ನೀಯಲಿ, ಕಾಯುವ ದಿನಗಳು ಬಂದಾಗ ಯಾರನ್ನೂ ಒಂಟಿಯಾಗಿ ಕೂರಿಸದಿರಲಿ, ಎಲ್ಲರಿಗೂ ಮಂಗಳವಾಗಲಿ.