ಊಟದ ಹೊತ್ತಿನ ಕಣ್ಣೀರು

ಗಡಿಯಾರ ರಿಪೇರಿಯವನ ಮುಖದ ಎಡಭಾಗ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಜೋತುಬಿತ್ತು. ಏಳೆಂಟು ತಿಂಗಳಲ್ಲಿ ಬಾಯಿ ಹೆಚ್ಚುಕಡಿಮೆ ನೆಟ್ಟಗಾಯಿತಾದರೂ ಹೊಸದೊಂದು ಕಾಟ ಗಂಟುಬಿತ್ತು: ತುತ್ತು ಬಾಯಿಗಿಟ್ಟರೆ ಸಾಕು, ಎಡಗಣ್ಣಿನಿಂದ ನೀರು ದಳದಳ ಇಳಿಯುತ್ತಿತ್ತು. ಆಸಾಮಿ ಮಾತ್ರ ಕಲ್ಲುಗುಂಡು. ಹೆಂಡತಿ ತೀರಿಕೊಂಡಾಗಲೂ ಅತ್ತವನಲ್ಲ.

ಆಕೆ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿ, ಮಗಳನ್ನು ಕರೆಸಿ ಎಂದು ಗೋಗರೆದಿದ್ದಳು. "ಅಮ್ಮನ ಜೀವ ಹಿಂಡಿದ್ದು ನೀವೇ" ಎಂದು ಜಗಳವಾಡಿ ಮನೆ ಬಿಟ್ಟವಳು ಆ ಮಗಳು. ಅದೇ ಸಿಟ್ಟಿಗೆ ಇವನು ಫೋನು ಮುಟ್ಟಲಿಲ್ಲ. ಯಾರಿಂದಲೋ ಸುದ್ದಿ ತಿಳಿದು ಅವಳು ಓಡಿಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಮೂರು ವರ್ಷ ಅತ್ತ ಸುಳಿಯಲಿಲ್ಲ. ಇವನೋ, ಮೆಟ್ಟಿಲಲ್ಲಿ ಸದ್ದಾದಾಗಲೆಲ್ಲ ಅವಳೇ ಇರಬೇಕೆಂದು ಕಿವಿ ನಿಮಿರಿಸುತ್ತಿದ್ದ. ಆದರೂ ಕರೆಯಲು ಬಿಗುಮಾನ ಬಿಡಬೇಕಲ್ಲ!

ಕೊನೆಗೊಂದು ಭಾನುವಾರ ಅಮ್ಮನ ಹೊಲಿಗೆ ಯಂತ್ರ ಒಯ್ಯಲೆಂದು ಅವಳು ಬಂದಾಗ ಇವನು ಊಟಕ್ಕೆ ಕೂತಿದ್ದ. ಅವಳು ಬಾಗಿಲಲ್ಲೇ ನಿಂತಳು.

"ಅಪ್ಪಾ, ಅಳ್ತಿದೀರಾ?"

ಬಾಯಲ್ಲಿ ತುತ್ತಿತ್ತು, ಉತ್ತರ ಬರಲಿಲ್ಲ. ಅಷ್ಟರಲ್ಲಿ ಅವಳು ಪಕ್ಕದಲ್ಲಿ ಕುಸಿದು, "ಹೋಗ್ಲಿ ಬಿಡಿ, ನಾನೂ ಹಠ ಮಾಡ್ಬಿಟ್ಟೆ" ಎಂದು ಗೊಳೋ ಎಂದು ಅತ್ತಳು. ತುತ್ತು ನುಂಗಿದ ಮೇಲೂ ಇವನು ಬಾಯಿ ಬಿಡಲಿಲ್ಲ. ನಿಜ ಹೇಳಿದರೆ ಮಗಳು ಎದ್ದು ಹೋಗುತ್ತಾಳೆಂಬ ಭಯ.

ಅಂದಿನಿಂದ ಅವಳು ಪ್ರತಿ ಭಾನುವಾರ ಊಟ ಕಟ್ಟಿಕೊಂಡು ಬರತೊಡಗಿದಳು. ನಡುವೆ ಒಮ್ಮೆ ಇವನು ಒಬ್ಬನೇ ಹೋಗಿ ಡಾಕ್ಟರಿಗೆ ಕಣ್ಣು ತೋರಿಸಿದ.

"ಜೊಲ್ಲಿಗೆ ಹೋಗ್ಬೇಕಾದ ನರ ದಾರಿ ತಪ್ಪಿ ಕಣ್ಣಿಗೆ ಹೋಗಿದೆ" ಎಂದರು ಡಾಕ್ಟರು. "ಇಂಗ್ಲಿಷಲ್ಲಿ ಇದಕ್ಕೆ ಮೊಸಳೆ ಕಣ್ಣೀರು ಅಂತಾನೇ ಹೆಸರು."

"ಇಂಗ್ಲಿಷಿನವರೂ ನಮ್ಮ ಹಾಗೇ ಬೈತಾರಾ?"

"ಬೈತಾರೆ, ಶತಮಾನಗಳಿಂದ. ಮೊಸಳೆ ಮನುಷ್ಯನನ್ನ ತಿಂತಾ ತಿಂತಾ ಅಳುತ್ತೆ ಅಂತ ಹಳೇ ಕಾಲದ ಪ್ರವಾಸಿಗಳು ಬರೆದಿಟ್ರು. ಕಳ್ಳ ಅಳು ಅನ್ನೋ ಅರ್ಥ ಅಲ್ಲಿಂದ ಬಂತು. ತಮಾಷೆ ಏನು ಗೊತ್ತಾ? ತಿನ್ನುವಾಗ ಅದಕ್ಕೆ ನಿಜವಾಗ್ಲೂ ಕಣ್ಣಲ್ಲಿ ನೀರು ಬರುತ್ತಂತೆ. ದುಃಖಾನೂ ಇಲ್ಲ, ನಾಟಕಾನೂ ಇಲ್ಲ. ಅಪಾರ್ಥ ಮಾಡ್ಕೊಂಡಿದ್ದು ನೋಡಿದವರು."

ಇವನಿಗೆ ಜೀವ ಬಂದಂತಾಯಿತು. ತಾನೇನು ಅಳುತ್ತಿದ್ದೇನೆ ಅಂದನೇ? ಮಗಳೇ ಹಾಗೆ ತಿಳಿದುಕೊಂಡಳು. ಎಂಥ ಜಾಣ ಸಮಾಧಾನ! ಒಂದು ಇಂಜೆಕ್ಷನ್ನಿಗೆ ನೀರು ನಿಲ್ಲುತ್ತದೆ ಎಂದು ಡಾಕ್ಟರು ಹೇಳಿದಾಗ, ಬೇಡವೇ ಬೇಡ ಎಂದು ಎದ್ದುಬಂದ. ಆ ನೀರು ನಿಂತರೆ ಭಾನುವಾರವೂ ನಿಂತೀತು.

ಮುಂದಿನ ಸಲ ಮುಖ ತೋರಿಸಲು ಆಸ್ಪತ್ರೆಗೆ ಹೊರಟಾಗ ಮಗಳು ತಾನೂ ಬರುತ್ತೇನೆಂದು ಪಟ್ಟು ಹಿಡಿದಳು. ತಪ್ಪಿಸಲು ಇವನು ಹೇಳಿದ ನೆಪವೊಂದೂ ನಡೆಯಲಿಲ್ಲ.

"ಮಗಳಾ? ನೀವಾದ್ರೂ ಬುದ್ಧಿ ಹೇಳಿ" ಎಂದರು ಡಾಕ್ಟರು ನಗುತ್ತ. "ಊಟ ಮಾಡುವಾಗ ಕಣ್ಣಲ್ಲಿ ನೀರು ಸುರೀತದೆ, ಇಂಜೆಕ್ಷನ್ ಮಾತ್ರ ಬೇಡ ಅಂತಾರೆ."

"ಊಟ ಮಾಡುವಾಗ ಮಾತ್ರಾನಾ?" ಎಂದು ಕೇಳಿದಳು ಮಗಳು.

ಡಾಕ್ಟರು ನರದ ಕತೆ, ಮೊಸಳೆಯ ಕತೆ ಎರಡನ್ನೂ ಉತ್ಸಾಹದಿಂದ ಬಿಡಿಸಿ ಹೇಳಿದರು. ಇವನು ನೆಲ ನೋಡುತ್ತ ಕೂತ.

ಮನೆಗೆ ಬಂದು ಅವಳು ತಟ್ಟೆಗೆ ಬಡಿಸಿದಳು. ಇವನು ಎರಡು ತುತ್ತು ತಿಂದಿರಬೇಕು.

"ಆವತ್ತು, ನಾನು ಬಂದ ದಿನ, ಅದೂ ಇದೇನಾ?"

"ಹೂಂ."

"ಅಮ್ಮ ಕೊನೇಲಿ ನನ್ನನ್ನ ಕೇಳಿದ್ಲಾ?"

ಇನ್ನೊಂದು ಸುಳ್ಳು ಹೇಳುವ ತ್ರಾಣ ಇವನಲ್ಲಿರಲಿಲ್ಲ. "ದಿನಾ ಕೇಳಿದ್ಲು ಕಣಮ್ಮ. ನಾನೇ ಕರೀಲಿಲ್ಲ."

ಹೇಳುತ್ತಿದ್ದಂತೆ ಹನ್ನೊಂದು ದಿನವೂ ಬಾಗಿಲ ಕಡೆಗೇ ಹೊರಳುತ್ತಿದ್ದ ಹೆಂಡತಿಯ ಮುಖ ಕಣ್ಣಿಗೆ ಕಟ್ಟಿತು. ಜೀವಮಾನದಲ್ಲಿ ಮೊದಲ ಸಲ ಇವನು ಬಿಕ್ಕಿ ಬಿಕ್ಕಿ ಅತ್ತ. ಎರಡೂ ಕಣ್ಣು ತುಂಬಿ ಗಲ್ಲ ತೊಯ್ದಿತು. ಅಗಿದ ತುತ್ತು ಬಾಯಲ್ಲೇ ಉಳಿದಿತ್ತು.

"ಇದು ಅದಲ್ಲ ಮಗಳೇ. ಇದು ನಿಜವಾದ್ದು, ನೋಡು."

ಅವಳು ತಟ್ಟೆ ನೋಡಿದಳು, ಅಗಿಯುವಂತೆ ನಡುಗುತ್ತಿದ್ದ ಬಾಯಿ ನೋಡಿದಳು. ಎದ್ದು ಹೋಗಿ ಬಾಗಿಲ ಬಳಿ ಚಪ್ಪಲಿ ಮೆಟ್ಟಿದಳು.

"ಊಟ ಮುಗ್ಸಿ ಅಪ್ಪಾ," ಎಂದಳು, "ತಾನಾಗೇ ನಿಂತ್ಹೋಗುತ್ತೆ."